ಮನೆ ಮಾರುವವರಿಗೂ ಸ್ವಂತ ವಕೀಲರು ಬೇಕು: ಆರಿಸಿಕೊಳ್ಳುವುದು ಹೇಗೆ?

"ಮನೆ ಮಾರ್ತಾ ಇದ್ದೇವೆ. ಕೊಳ್ಳುವವರ ಕಡೆ ವಕೀಲರು ಬಂದು ಕಾಗದಪತ್ರ ಎಲ್ಲ ನೋಡಿಕೊಂಡು ಹೋದರು. ನಮಗೂ ಬೇರೆ ವಕೀಲರು ಬೇಕಾ? ಬೇಕಾದರೆ ಒಳ್ಳೆಯವರನ್ನು ಹುಡುಕೋದು ಹೇಗೆ?"

ಈ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ. ಅದಕ್ಕೇ ಒಂದು ಕಡೆ ಕೂತು ವಿವರವಾಗಿ ಬರೆಯುತ್ತಿದ್ದೇನೆ. ಕರ್ನಾಟಕದಲ್ಲಿ ಮನೆ, ಫ್ಲ್ಯಾಟ್ ಅಥವಾ ಸೈಟ್ ಮಾರುವವರಿಗಾಗಿ ಇದು.

ಮೊದಲ ಪ್ರಶ್ನೆಗೆ ಉತ್ತರ: ಬೇಕು. ಕೊಳ್ಳುವವರಿಗೆ ಮಾತ್ರ ವಕೀಲರು ಬೇಕು, ಮಾರುವವರು ದುಡ್ಡು ಎಣಿಸಿಕೊಂಡು ಸಹಿ ಹಾಕಿದರೆ ಮುಗಿಯಿತು ಅನ್ನುವ ನಂಬಿಕೆ ನಮ್ಮಲ್ಲಿ ಬಹಳ ಇದೆ. ಅದು ತಪ್ಪು. ಕೊಳ್ಳುವವರ ವಕೀಲರು ಕರಾರು ಪತ್ರ, ಅಂದರೆ ಮಾರಾಟದ ಒಪ್ಪಂದ ಬರೆಯುವಾಗ ಕೊಳ್ಳುವವರನ್ನು ಕಾಪಾಡುವ ಹಾಗೆ ಬರೆಯುತ್ತಾರೆ. ಅದು ಅವರ ಕೆಲಸ, ಅದರಲ್ಲಿ ತಪ್ಪೇನಿಲ್ಲ. ನಿಮ್ಮನ್ನು ಕಾಪಾಡುವ ಮಾತು ಆ ಕಾಗದಕ್ಕೆ ಸೇರಿಸುವವರು ಯಾರು?

ಇನ್ನೊಂದು ಕಾರಣ ಬಹಳ ಜನರಿಗೆ ಗೊತ್ತಿಲ್ಲ. ನಿರ್ದಿಷ್ಟ ಪರಿಹಾರ ಕಾಯ್ದೆ ಅಂತ ಒಂದಿದೆ. ಒಪ್ಪಂದ ಮಾಡಿಕೊಂಡವರು ಕೊಟ್ಟ ಮಾತಿನಂತೆ ನಡೆಯಲಿ ಎಂದು ಕೋರ್ಟ್ ಆದೇಶಿಸುವುದಕ್ಕೆ ಸಂಬಂಧಿಸಿದ ಕಾನೂನು ಅದು. ಅದಕ್ಕೆ 2018ರಲ್ಲಿ ದೊಡ್ಡ ತಿದ್ದುಪಡಿ ಆಯಿತು. ಮೊದಲು ಅಂಥ ಆದೇಶ ಕೊಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿತ್ತು. ಈಗ ಕಾನೂನಿನ ಷರತ್ತುಗಳು ಪೂರೈಸಿದರೆ ಆದೇಶ ಕೊಡಬೇಕು ಅನ್ನುವುದೇ ನಿಯಮ. ಅಂದರೆ ಸರಿಯಾಗಿ ಓದದೆ ಕರಾರಿಗೆ ಸಹಿ ಹಾಕಿ, ಆಮೇಲೆ "ಬೇಡಪ್ಪಾ, ಅಡ್ವಾನ್ಸ್ ವಾಪಸ್ ಕೊಡ್ತೀನಿ" ಅಂದರೆ ಬಿಡುಗಡೆ ಸಿಗುತ್ತದೆ ಅಂತ ನಂಬಿಕೊಂಡು ಕೂರುವ ಹಾಗಿಲ್ಲ. ಕೊಳ್ಳುವವರು ದಾವೆ ಹಾಕಲು ಸಾಮಾನ್ಯವಾಗಿ ಮೂರು ವರ್ಷ ಕಾಲಾವಕಾಶ ಇರುತ್ತದೆ. ದಾವೆ ನಡೆಯುವಷ್ಟು ವರ್ಷವೂ ನಿಮ್ಮ ಮನೆಯನ್ನು ಬೇರೆಯವರು ಕೊಳ್ಳಲು ಹೆದರುತ್ತಾರೆ.

ಆದ್ದರಿಂದ ಅಡ್ವಾನ್ಸ್ ತೆಗೆದುಕೊಳ್ಳುವ ಮುಂಚೆಯೇ ವಕೀಲರನ್ನು ಆರಿಸಿಕೊಳ್ಳಿ. ನೋಂದಣಿ ದಿನಕ್ಕೆ ಹುಡುಕಿದರೆ ತಡವಾಗಿರುತ್ತದೆ.

ಯಾರ ಕೆಲಸ ಯಾವುದು?

ಹಂತಗಳಿಗೆ ಹೋಗುವ ಮೊದಲು ಇದು ಸ್ಪಷ್ಟವಾಗಿರಲಿ. ಗೊಂದಲ ಶುರುವಾಗುವುದೇ ಇಲ್ಲಿಂದ.

ಪತ್ರ ಬರಹಗಾರರು: ಸಬ್ ರಿಜಿಸ್ಟ್ರಾರ್ ಕಚೇರಿ ಸುತ್ತಮುತ್ತ ಕೂರುವವರು. ನೋಂದಣಿ ಇಲಾಖೆಯ ಪರವಾನಗಿ ಪಡೆದು ಪತ್ರ ಬರೆದುಕೊಡುತ್ತಾರೆ. ಅನುಭವ ಇರುವವರು ಚೆನ್ನಾಗಿಯೇ ಬರೆಯುತ್ತಾರೆ. ಆದರೆ ನಿಮ್ಮ ಹಕ್ಕು ಸರಿಯಿದೆಯೇ, ನಾಳೆ ಯಾರಾದರೂ ತಕರಾರು ತೆಗೆಯಬಹುದೇ ಎಂದು ಕಾನೂನು ಸಲಹೆ ಕೊಡುವುದು ಅವರ ಕೆಲಸ ಅಲ್ಲ.

ಬ್ಯಾಂಕಿನ ಪ್ಯಾನೆಲ್ ವಕೀಲರು: ಕೊಳ್ಳುವವರು ಸಾಲ ತೆಗೆದುಕೊಂಡರೆ ಬ್ಯಾಂಕ್ ಇವರಿಂದ ವರದಿ ಪಡೆಯುತ್ತದೆ. ಇವರು ನೋಡುವುದು ಬ್ಯಾಂಕಿನ ದುಡ್ಡು ಭದ್ರವೇ ಅಂತ. ನಿಮ್ಮ ಪರವೂ ಅಲ್ಲ, ಕೊಳ್ಳುವವರ ಪರವೂ ಅಲ್ಲ.

ಬ್ರೋಕರ್: ವ್ಯವಹಾರ ಮುಗಿದರೆ ಕಮಿಷನ್. ಆದ್ದರಿಂದ ಬೇಗ ಮುಗಿಯಲಿ ಅನ್ನುವುದು ಅವರ ಆಸೆ. ಅದು ಸಹಜ. ಆದರೆ ನಿಮಗೆ ಬೇಕಾಗಿರುವುದು ಸರಿಯಾಗಿ ಮುಗಿಯುವುದು.

ಸಿಎ: ತೆರಿಗೆ ಲೆಕ್ಕ ಇವರದ್ದು. ಎಷ್ಟೇ ಒಳ್ಳೆಯ ವಕೀಲರಾದರೂ ಬಂಡವಾಳ ಲಾಭದ ತೆರಿಗೆಗೆ ಸಿಎ ಹತ್ತಿರವೇ ಹೋಗಿ.

ಹಂತ 1: ಮೊದಲು ನಿಮ್ಮ ಕಡತ ಒಟ್ಟುಮಾಡಿ

ಬರಿಗೈಯಲ್ಲಿ ವಕೀಲರ ಹತ್ತಿರ ಹೋದರೆ ಅವರು ಹೇಳುವುದೂ ಬರಿ ಅಂದಾಜೇ. ಇವಿಷ್ಟರ ಜೆರಾಕ್ಸ್ ಒಂದು ಫೈಲಿನಲ್ಲಿ ಹಾಕಿಕೊಳ್ಳಿ:

- ನಿಮ್ಮ ಹೆಸರಿಗೆ ಮನೆ ಬಂದ ಪತ್ರ (ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಉಯಿಲು, ಯಾವುದಾದರೂ)
- ಅದಕ್ಕೂ ಹಿಂದಿನ ಮೂಲಪತ್ರಗಳು
- ಇತ್ತೀಚಿನ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ. ಆಸ್ತಿಯ ಮೇಲೆ ಯಾವ ಯಾವ ನೋಂದಣಿ ಆಗಿದೆ, ಯಾವ ಸಾಲ ಇದೆ ಎಂದು ತೋರಿಸುತ್ತದೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಸಿಗುತ್ತದೆ
- ಇ-ಖಾತಾ (ಸ್ಥಳೀಯ ಸಂಸ್ಥೆಯ ಆಸ್ತಿ ದಾಖಲೆಯ ಡಿಜಿಟಲ್ ರೂಪ) ಮತ್ತು ಕಂದಾಯ ಕಟ್ಟಿದ ರಶೀದಿ
- ಮನೆ ಕಟ್ಟಲು ಪಡೆದ ಪ್ಲಾನ್ ಮಂಜೂರಾತಿ. ಫ್ಲ್ಯಾಟ್ ಆದರೆ ಸ್ವಾಧೀನಾನುಭವ ಪತ್ರ (ಓಸಿ, ಅಂದರೆ ಕಟ್ಟಡದಲ್ಲಿ ವಾಸಿಸಬಹುದು ಎಂಬ ಪತ್ರ) ಮತ್ತು ಅಸೋಸಿಯೇಷನ್‌ನಿಂದ ಬಾಕಿ ಇಲ್ಲ ಎಂಬ ಪತ್ರ
- ಹಿಂದೆ ಸಾಲ ಇದ್ದರೆ ತೀರಿಸಿದ್ದಕ್ಕೆ ಬ್ಯಾಂಕ್ ಕೊಟ್ಟ ಪತ್ರ

ಇ-ಖಾತಾ ಬಗ್ಗೆ ಒಂದು ಮಾತು. ಬೆಂಗಳೂರಿನಲ್ಲಿ 2024ರ ಕೊನೆಯಿಂದ ನೋಂದಣಿಗೆ ಇ-ಖಾತಾ ಕಡ್ಡಾಯ. ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತು. ಇದನ್ನು ಮಾಡಿಸಲು ಸಮಯ ಹಿಡಿಯಬಹುದು. ಕೊಳ್ಳುವವರು ಸಿಕ್ಕ ಮೇಲೆ ಓಡಾಡುವ ಬದಲು ಈಗಲೇ ಅರ್ಜಿ ಹಾಕಿ.

ಇನ್ನು ಇಸಿ. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮ ತಂದೆಯ ಮನೆ ಮಾರಲು ಹೊರಟಾಗ, ಎಷ್ಟೋ ವರ್ಷದ ಹಿಂದೆ ತೀರಿಸಿದ್ದ ಸಾಲ ಇಸಿಯಲ್ಲಿ ಇನ್ನೂ ಹಾಗೇ ಕೂತಿತ್ತು. ಬ್ಯಾಂಕ್ ಸಾಲ ತೀರಿದ ಪತ್ರ ಕೊಟ್ಟಿತ್ತು, ಮೂಲಪತ್ರಗಳನ್ನೂ ಕೊಟ್ಟಿತ್ತು. ಆದರೆ ಅಡಮಾನ ಬಿಡುಗಡೆಯನ್ನು ನೋಂದಣಿ ಮಾಡಿಸಿರಲಿಲ್ಲ. ಅಷ್ಟಕ್ಕೇ ಕೊಳ್ಳುವವರ ಬ್ಯಾಂಕ್ ಸಾಲ ನಿಲ್ಲಿಸಿತು. ನಿಮ್ಮ ಇಸಿಯಲ್ಲಿ ಹಳೆಯ ಅಡಮಾನದ ಸಾಲೊಂದು ಕಂಡರೆ, ಅದರ ಬಿಡುಗಡೆಯ ಸಾಲೂ ಕೆಳಗಿದೆಯೇ ಅಂತ ಬೆರಳಿಟ್ಟು ನೋಡಿ.

ಈಗ ಸಾಲ ತೀರಿಸುತ್ತಿರುವವರಿಗೆ: ಪೂರ್ತಿ ತೀರಿಸಿದ 30 ದಿನದೊಳಗೆ ಬ್ಯಾಂಕ್ ಮೂಲಪತ್ರ ವಾಪಸ್ ಕೊಡಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮ ಇದು.

ಹಂತ 2: ನಿಮ್ಮ ಆಸ್ತಿಯ ತೊಡಕು ಯಾವುದು ಎಂದು ಗುರುತಿಸಿ

ಎಲ್ಲ ವಕೀಲರೂ ಎಲ್ಲ ಆಸ್ತಿಗೂ ಸರಿಹೊಂದುವುದಿಲ್ಲ. ಕ್ರಿಮಿನಲ್ ಕೇಸಿನಲ್ಲಿ ಹೆಸರು ಮಾಡಿದವರು ನಿಮ್ಮ ವಿಭಾಗಪತ್ರ ಓದುವುದರಲ್ಲಿ ಪಳಗಿರಬೇಕು ಅಂತೇನಿಲ್ಲ. ನಿಮ್ಮ ಆಸ್ತಿ ಯಾವ ಬಗೆಯದು ನೋಡಿಕೊಳ್ಳಿ.

ಸರ್ಕಾರಿ ಪ್ರಾಧಿಕಾರ ಹಂಚಿದ ಸೈಟ್‌ನಲ್ಲಿ ನೀವೇ ಕಟ್ಟಿಸಿದ ಮನೆ, ನಿಮ್ಮ ಒಬ್ಬರದೇ ಹೆಸರು, ಸಾಲ ಇಲ್ಲ. ಹೀಗಿದ್ದರೆ ಸರಳ. ಹಂಚಿಕೆ ಪತ್ರದಲ್ಲಿ ಇಷ್ಟು ವರ್ಷ ಮಾರಬಾರದು ಎಂಬ ಷರತ್ತು ಇದೆಯೇ, ಪೂರ್ತಿ ಒಡೆತನ ಕೊಡುವ ಶುದ್ಧ ಕ್ರಯಪತ್ರ ಆಗಿದೆಯೇ ಎಂದು ನೋಡಿದರೆ ಮುಕ್ಕಾಲು ಕೆಲಸ ಮುಗಿಯುತ್ತದೆ.

ಪಿತ್ರಾರ್ಜಿತ ಮನೆಯಾದರೆ ಮಾತು ಬೇರೆ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕು ಎಂದೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. "ಅಕ್ಕನಿಗೆ ಮದುವೆಯಲ್ಲೇ ಎಲ್ಲ ಕೊಟ್ಟಿದ್ದೇವೆ, ಅವಳ ಸಹಿ ಬೇಡ" ಅನ್ನುವ ಮಾತು ಇವತ್ತು ನಡೆಯುವುದಿಲ್ಲ. ವಂಶವೃಕ್ಷ ತೆಗೆಸಿ, ಅದರಲ್ಲಿರುವ ಹಕ್ಕುದಾರರೆಲ್ಲ ಸಹಿ ಹಾಕುತ್ತಾರೆಯೇ ಅಥವಾ ತಮ್ಮ ಪಾಲು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರ ನೋಂದಾಯಿಸಿದ್ದಾರೆಯೇ ನೋಡಬೇಕು. ಇಂಥದ್ದಕ್ಕೆ ಸಿವಿಲ್ ಕೋರ್ಟಿನಲ್ಲಿ ಪಾಲು ದಾವೆ ನಡೆಸಿ ಅನುಭವ ಇರುವವರೇ ಬೇಕು. ಜಗಳ ಎಲ್ಲಿಂದ ಹುಟ್ಟುತ್ತದೆ ಎಂದು ಕಂಡವರು ಅವರು.

ರೆವಿನ್ಯೂ ಜಮೀನಿನಲ್ಲಿ ಎದ್ದ ಬಡಾವಣೆಯಾದರೆ ಭೂ ಪರಿವರ್ತನೆ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಅನುಮತಿ ಆಗಿದೆಯೇ ಎಂಬ ಪ್ರಶ್ನೆ ಬರುತ್ತದೆ. ಆ ಜಮೀನು ಎಂದೋ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಆ ಜಮೀನು ಕೈ ಬದಲಾಗಿದ್ದರೆ ಆಮೇಲಿನ ಮಾರಾಟಕ್ಕೂ ಕುತ್ತು. ಹಳೆಯ ಕಂದಾಯ ದಾಖಲೆ ಓದಬಲ್ಲ ವಕೀಲರು ಆ ತಾಲ್ಲೂಕಿನಲ್ಲೇ ಸಿಗುವ ಸಾಧ್ಯತೆ ಜಾಸ್ತಿ.

ಮಾರುವವರು ವಿದೇಶದಲ್ಲಿದ್ದರೆ ಜಿಪಿಎ, ಅಂದರೆ ನಿಮ್ಮ ಪರವಾಗಿ ಸಹಿ ಹಾಕಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ ಬೇಕಾಗುತ್ತದೆ. ಅದನ್ನು ಅಲ್ಲಿನ ನೋಟರಿ ಅಥವಾ ಭಾರತೀಯ ದೂತಾವಾಸದ ಅಧಿಕಾರಿ ಮುಂದೆ ಸಹಿ ಮಾಡಿ ಕಳಿಸಬೇಕು. ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಅನಿವಾಸಿಗಳು ಮಾರಿದಾಗ ಕೊಳ್ಳುವವರು ಬೆಲೆಯಲ್ಲಿ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ (ಟಿಡಿಎಸ್) ಶೇ. 1 ಅಲ್ಲ, ಅದಕ್ಕಿಂತ ಬಹಳ ಜಾಸ್ತಿ. ಅದನ್ನು ಕಡಿಮೆ ಮಾಡಿಸಲು ಆದಾಯ ತೆರಿಗೆ ಇಲಾಖೆಯಿಂದ ಮೊದಲೇ ಪ್ರಮಾಣಪತ್ರ ಪಡೆಯಬಹುದು. ಇದನ್ನು ಮಾಡಿಸಿ ಗೊತ್ತಿರುವ ವಕೀಲ ಮತ್ತು ಸಿಎ ಜೋಡಿ ಹುಡುಕಿ.

ಹಂತ 3: ಎರಡು ಮೂರು ಹೆಸರು ಕಲೆಹಾಕಿ

ಅತಿ ಒಳ್ಳೆಯ ಮೂಲ ನಿಮ್ಮ ಬೀದಿಯೇ. ನಿಮ್ಮದೇ ಬಡಾವಣೆಯಲ್ಲಿ, ನಿಮ್ಮದೇ ಅಪಾರ್ಟ್‌ಮೆಂಟಿನಲ್ಲಿ ಕಳೆದ ಒಂದೆರಡು ವರ್ಷದಲ್ಲಿ ಮನೆ ಮಾರಿದವರನ್ನು ಕೇಳಿ. ಆ ಬಡಾವಣೆಯ ಮೂಲಪತ್ರಗಳನ್ನು ಆ ವಕೀಲರು ಈಗಾಗಲೇ ಓದಿರುತ್ತಾರೆ. ಅದೇ ಸರ್ವೆ ನಂಬರು, ಅದೇ ಹಳೆ ಮಾಲೀಕರು. "ಅವರು ಒಳ್ಳೆಯವರಾ?" ಎಂದು ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. "ಫೋನ್ ಎತ್ತುತ್ತಿದ್ದರಾ? ನೋಂದಣಿ ದಿನ ಅವರೇ ಬಂದರಾ? ಮೊದಲು ಹೇಳಿದ ಫೀ, ಕೊನೆಗೆ ಕೊಟ್ಟ ಫೀ ಒಂದೇನಾ?" ಎಂದು ಕೇಳಿ.

ನಿಮ್ಮ ಬ್ಯಾಂಕ್ ಮ್ಯಾನೇಜರ್ ಪರಿಚಯ ಇದ್ದರೆ ಪ್ಯಾನೆಲ್‌ನಲ್ಲಿರುವ ವಕೀಲರ ಹೆಸರು ಕೇಳಬಹುದು. ಅವರು ದಿನವೂ ಆಸ್ತಿ ದಾಖಲೆಯನ್ನೇ ಓದುವವರು. ಕೊಳ್ಳುವವರು ಸಾಲ ಪಡೆಯುವ ಬ್ಯಾಂಕಿಗೆ ಅವರೇ ವರದಿ ಕೊಡುವಂತಿರಬಾರದು, ಅಷ್ಟೇ.

ಇಂಟರ್ನೆಟ್‌ನಲ್ಲಿ ಹುಡುಕುವವರಿಗೆ ಒಂದು ಎಚ್ಚರಿಕೆ. ನಮ್ಮ ದೇಶದಲ್ಲಿ ವಕೀಲರು ಜಾಹೀರಾತು ಕೊಟ್ಟು ಕೆಲಸ ಹಿಡಿಯುವುದನ್ನು ಬಾರ್ ಕೌನ್ಸಿಲ್ ನಿಯಮಗಳು ಒಪ್ಪುವುದಿಲ್ಲ. "ನಂಬರ್ ಒನ್ ಆಸ್ತಿ ವಕೀಲರು, ಗ್ಯಾರಂಟಿ" ಎಂಬ ಜಾಹೀರಾತು ಕಂಡರೆ ಅದು ಅರ್ಹತೆ ಅಲ್ಲ.

ಬ್ರೋಕರ್ "ನಮ್ಮ ವಕೀಲರು ಇದ್ದಾರೆ ಸಾರ್, ಕಡಿಮೆಗೆ ಮಾಡಿಸ್ತೀನಿ" ಅಂದರೆ ನಯವಾಗಿ ಬೇಡ ಎನ್ನಿ. ಆ ವಕೀಲರು ಕೆಟ್ಟವರು ಎಂದಲ್ಲ. ಅವರಿಗೆ ಕೆಲಸ ಬರುವುದು ಬ್ರೋಕರ್‌ನಿಂದ. "ಈ ಕರಾರಿಗೆ ಸಹಿ ಹಾಕಬೇಡಿ" ಎಂದು ನಿಮಗೆ ಹೇಳಬೇಕಾದ ದಿನ ಅವರಿಗೆ ಕಷ್ಟವಾಗುತ್ತದೆ.

ದುಡ್ಡಿನ ಅಡಚಣೆ ಇರುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಉಚಿತ ಕಾನೂನು ಸಲಹೆ ಪಡೆಯುವ ಹಕ್ಕಿದೆ, ಆದಾಯ ಎಷ್ಟೇ ಇರಲಿ. ಒಂಟಿಯಾಗಿ ಮನೆ ಮಾರಲು ಹೊರಟ ಎಷ್ಟೋ ಹೆಣ್ಣುಮಕ್ಕಳಿಗೆ ಈ ವಿಷಯ ಗೊತ್ತೇ ಇಲ್ಲ ಎಂಬುದು ನನಗೆ ಬೇಸರದ ಸಂಗತಿ.

ಹಂತ 4: ನೋಂದಣಿ ಸಂಖ್ಯೆ ಕೇಳಿ, ಯಾರ ಪರ ಎಂದು ಕೇಳಿ

ವಕೀಲಿ ಮಾಡುವ ಪ್ರತಿಯೊಬ್ಬರೂ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕು. ಕರ್ನಾಟಕದಲ್ಲಿ ಆ ಸಂಖ್ಯೆ ಕೆಎಆರ್ ಎಂದು ಶುರುವಾಗಿ, ಮಧ್ಯೆ ಕ್ರಮಸಂಖ್ಯೆ, ಕೊನೆಗೆ ವರ್ಷ ಇರುತ್ತದೆ. ಕೇಳಲು ಸಂಕೋಚ ಬೇಡ. ನಿಜವಾದ ವಕೀಲರು ಬೇಸರ ಮಾಡಿಕೊಳ್ಳುವುದಿಲ್ಲ. ಎಷ್ಟೋ ಕಡೆ "ಲೀಗಲ್ ಕನ್ಸಲ್ಟೆಂಟ್" ಎಂಬ ಬೋರ್ಡಿನ ಹಿಂದೆ ವಕೀಲರೇ ಇರುವುದಿಲ್ಲ.

ಜೊತೆಗೆ ನೇರವಾಗಿ ಕೇಳಿ: "ಈ ಕೊಳ್ಳುವವರು ನಿಮಗೆ ಗೊತ್ತಾ? ಅವರ ಕೆಲಸ ಮಾಡಿದ್ದೀರಾ?" ಒಂದು ವಿಷಯದಲ್ಲಿ ಒಬ್ಬರಿಗೆ ಸಲಹೆ ಕೊಟ್ಟ ವಕೀಲರು ಅದೇ ವಿಷಯದಲ್ಲಿ ಎದುರಿನವರ ಪರ ನಿಲ್ಲುವಂತಿಲ್ಲ. "ಇಬ್ಬರಿಗೂ ನಾನೇ ಮಾಡಿಕೊಡ್ತೀನಿ, ಫೀ ಅರ್ಧರ್ಧ ಕೊಡಿ" ಎಂಬ ಮಾತು ಬಂದರೆ ಅಲ್ಲಿಂದ ಎದ್ದು ಬನ್ನಿ.

ಹಂತ 5: ಎದುರು ಕೂತು ಮಾತಾಡಿ

ಆರಿಸುವ ಕೆಲಸ ನಿಜವಾಗಿ ನಡೆಯುವುದು ಇಲ್ಲೇ. ಅರ್ಧ ಗಂಟೆ ಸಮಯ ಕೇಳಿ, ಆ ಸಮಯಕ್ಕೆ ಫೀ ಇದ್ದರೆ ಕೊಡಿ. ಫೈಲ್ ಅವರ ಮುಂದಿಟ್ಟು ಸುಮ್ನೆ ನೋಡುತ್ತಿರಿ.

ಆಸ್ತಿ ಕೆಲಸ ಬಲ್ಲವರು ಮೊದಲು ತೆರೆಯುವುದು ಷೆಡ್ಯೂಲ್ ಪುಟವನ್ನು. ಪತ್ರದ ಕೊನೆಯಲ್ಲಿ ಆಸ್ತಿಯ ಅಳತೆ ಮತ್ತು ಚಕ್ಕುಬಂದಿ ಇರುವ ಪುಟ ಅದು. ಚಕ್ಕುಬಂದಿ ಎಂದರೆ ನಾಲ್ಕು ದಿಕ್ಕಿನ ಗಡಿ. ಒಂದು ಕೈಯಲ್ಲಿ ನಿಮ್ಮ ಕ್ರಯಪತ್ರ, ಇನ್ನೊಂದು ಕೈಯಲ್ಲಿ ಹಿಂದಿನ ಪತ್ರ ಹಿಡಿದು, ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಸೈಟ್ ನಂಬರ್ ಇಷ್ಟು, ಉತ್ತರಕ್ಕೆ ಖಾಲಿ ಜಾಗ ಅಂತ ಒಂದೊಂದೇ ಹೋಲಿಸುತ್ತಾರೆ. ಒಂದರಲ್ಲಿ 30 ಅಡಿ ಇದ್ದು ಇನ್ನೊಂದರಲ್ಲಿ 30 ಅಡಿ 6 ಅಂಗುಲ ಇದ್ದರೆ ಅಲ್ಲಿ ಪೆನ್ಸಿಲ್ ಗುರುತು ಬೀಳುತ್ತದೆ. ಆಮೇಲೆ ಹೆಸರು. ಪತ್ರದಲ್ಲಿ ಲಕ್ಷ್ಮಮ್ಮ, ಆಧಾರ್‌ನಲ್ಲಿ ಲಕ್ಷ್ಮೀದೇವಮ್ಮ, ಖಾತೆಯಲ್ಲಿ ಗಂಡನ ಇನಿಷಿಯಲ್ ಬೇರೆ. ಇಬ್ಬರೂ ಒಬ್ಬರೇ ಎಂದು ತೋರಿಸಲು ಏನು ಮಾಡಬೇಕು ಅಂತ ಆಗಲೇ ಹೇಳುತ್ತಾರೆ. ಫೈಲನ್ನು ಹಾಗೇ ಮಗುಚಿ "ಎಲ್ಲ ಕ್ಲಿಯರ್ ಇದೆ, ಧೈರ್ಯವಾಗಿ ಮಾರಿ" ಅಂದವರ ಬಗ್ಗೆ ನನಗಂತೂ ಧೈರ್ಯ ಬರುವುದಿಲ್ಲ.

ನೀವು ಕೇಳಬೇಕಾದ ಪ್ರಶ್ನೆಗಳು:

"ಕಳೆದ ವರ್ಷ ಮಾರುವವರ ಪರವಾಗಿ ಎಷ್ಟು ವ್ಯವಹಾರ ಮಾಡಿಸಿದ್ದೀರಿ?" ಕೊಳ್ಳುವವರ ಪರ ಮಾತ್ರ ಕೆಲಸ ಮಾಡಿದವರಿಗೆ ಮಾರುವವರ ಅಪಾಯಗಳು ತಟ್ಟನೆ ಹೊಳೆಯುವುದಿಲ್ಲ.

"ಕೊಳ್ಳುವವರು ದುಡ್ಡು ತಡ ಮಾಡಿದರೆ ನನಗೆ ಏನು ರಕ್ಷಣೆ?" ಈ ಪ್ರಶ್ನೆಗೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿ. ಒಳ್ಳೆಯ ಉತ್ತರದಲ್ಲಿ ಕೊನೆಯ ದಿನಾಂಕ, ನೋಟಿಸ್, ಮುಂಗಡದ ಕಥೆ ಏನಾಗುತ್ತದೆ ಅನ್ನುವುದೆಲ್ಲ ಇರುತ್ತದೆ. "ಅಂಥದ್ದೆಲ್ಲ ಆಗಲ್ಲ ಬಿಡಿ" ಅನ್ನುವುದು ಉತ್ತರವೇ ಅಲ್ಲ.

"ನನ್ನ ಫೈಲ್ ನೋಡುವವರು ನೀವೇನಾ, ಜೂನಿಯರ್ರಾ?" ಜೂನಿಯರ್ ನೋಡಿದರೆ ತಪ್ಪಿಲ್ಲ. ಕರಾರು ಪತ್ರವನ್ನು ಹಿರಿಯರು ಒಮ್ಮೆ ಓದುತ್ತಾರೆಯೇ ಎಂಬುದು ಮುಖ್ಯ.

"ನನ್ನ ದಾಖಲೆಯಲ್ಲಿ ನಿಮಗೆ ಕಂಡ ದೊಡ್ಡ ದೋಷ ಯಾವುದು? ಕೊಳ್ಳುವವರಿಗೆ ಹೇಳಬೇಕಾ?" ಸಾಮಾನ್ಯ ಎಚ್ಚರದಿಂದ ನೋಡಿದರೆ ಕಾಣದ, ನಿಮಗೆ ಗೊತ್ತಿರುವ ದೋಷವನ್ನು ಕೊಳ್ಳುವವರಿಗೆ ತಿಳಿಸುವುದು ಮಾರುವವರ ಕರ್ತವ್ಯ. ಆಸ್ತಿ ವರ್ಗಾವಣೆ ಕಾಯ್ದೆ ಹೀಗೇ ಹೇಳುತ್ತದೆ. "ಮುಚ್ಚಿಟ್ಟುಬಿಡಿ, ಯಾರಿಗೆ ಗೊತ್ತಾಗತ್ತೆ" ಎಂದು ಸಲಹೆ ಕೊಡುವ ವಕೀಲರು ನಿಮ್ಮನ್ನು ಮುಂದೊಂದು ದಿನ ಕೋರ್ಟಿಗೆ ಕಳಿಸುತ್ತಾರೆ.

ಮಾತು ನಿಮಗೆ ಅರ್ಥ ಆಗುವ ಭಾಷೆಯಲ್ಲಿ ಇರಬೇಕು. ಇಂಗ್ಲಿಷ್ ಕರಾರನ್ನು ಕನ್ನಡದಲ್ಲಿ ಒಂದೊಂದು ಪ್ಯಾರಾ ಬಿಡಿಸಿ ಹೇಳುವ ತಾಳ್ಮೆ ಇದೆಯೇ ನೋಡಿ. ವಯಸ್ಸಾದ ಅಪ್ಪ ಅಮ್ಮನ ಮನೆ ಮಾರುವಾಗ ಅವರನ್ನೇ ಕರೆದುಕೊಂಡು ಹೋಗಿ. ವಕೀಲರು ನಿಮ್ಮ ಜೊತೆ ಮಾತ್ರ ಮಾತಾಡಿ, ಸಹಿ ಹಾಕಬೇಕಾದ ಅಮ್ಮನ ಕಡೆ ತಿರುಗಿಯೂ ನೋಡದಿದ್ದರೆ ಬೇರೆಯವರನ್ನು ಹುಡುಕುವುದು ಒಳ್ಳೆಯದು.

ಹಂತ 6: ಫೀ ಮತ್ತು ಕೆಲಸದ ವ್ಯಾಪ್ತಿ ಬರಹದಲ್ಲಿ ಪಡೆಯಿರಿ

ಊರಿಂದ ಊರಿಗೆ, ಆಸ್ತಿಯಿಂದ ಆಸ್ತಿಗೆ ಫೀ ಬದಲಾಗುತ್ತದೆ. ಇಷ್ಟೇ ಇರಬೇಕು ಎಂದು ಹೇಳಲು ಆಗದು. ಆದರೆ ಒಟ್ಟು ಮೊತ್ತವಾಗಿ ಮಾತಾಡಿಕೊಳ್ಳಿ. ಮಾರಾಟದ ದುಡ್ಡಿನಲ್ಲಿ ಪಾಲು ಕೇಳಿದರೆ ಒಪ್ಪಬೇಡಿ. ವ್ಯವಹಾರ ಮುರಿದುಬಿದ್ದರೆ ಎಷ್ಟು ಕೊಡಬೇಕು ಎಂಬುದನ್ನೂ ಕೇಳಿ, ಇದನ್ನು ಮರೆಯುವವರೇ ಜಾಸ್ತಿ.

ಫೀಯಲ್ಲಿ ಏನೇನು ಸೇರಿದೆ? ದಾಖಲೆ ಪರಿಶೀಲನೆ, ಕರಾರು ಪತ್ರ ತಿದ್ದುವುದು, ಕ್ರಯಪತ್ರ ಓದುವುದು, ನೋಂದಣಿ ದಿನ ಜೊತೆಗೆ ಬರುವುದು. ಇವಿಷ್ಟನ್ನು ಒಂದು ವಾಟ್ಸಾಪ್ ಸಂದೇಶದಲ್ಲಾದರೂ ಬರೆದು ಕಳಿಸಿ, "ಸರಿ" ಎಂದು ಉತ್ತರ ಬರಲಿ. ಇದಕ್ಕೆ ಕಾರಣ ಇದೆ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ಒಳಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ಹೇಳಿದೆ. ಸೇವೆ ಸರಿಯಿಲ್ಲ ಎಂದು ಗ್ರಾಹಕ ವೇದಿಕೆಗೆ ಹೋಗಲಾಗದು. ದುರ್ನಡತೆ ಆದರೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಆಗ ನಿಮ್ಮ ಕೈಯಲ್ಲಿ ಬರಹ ಇರಬೇಕು.

ಮೂಲ ದಾಖಲೆಗಳನ್ನು ವಕೀಲರ ಕಚೇರಿಯಲ್ಲಿ ಬಿಟ್ಟು ಬರಬೇಡಿ. ತೋರಿಸಿ, ವಾಪಸ್ ತನ್ನಿ. ಬಿಡಲೇಬೇಕಾದರೆ ಪಟ್ಟಿ ಮಾಡಿ ಸಹಿ ಹಾಕಿಸಿಕೊಳ್ಳಿ. ಫೀ ಬಾಕಿ ಇದೆ ಎಂದು ಕಕ್ಷಿದಾರರ ಕಡತ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ತೀರ್ಪು ಕೊಟ್ಟಿದೆ. ವಕೀಲರನ್ನು ಬದಲಿಸಲು ಹೆದರಬೇಕಿಲ್ಲ.

ಹಂತ 7: ಕರಾರು ಪತ್ರವನ್ನು ಅವರಿಂದ ಓದಿಸಿ

ನೀವು ಕೊಟ್ಟ ಫೀ ಸಾರ್ಥಕವಾಗುವುದು ಈ ಹಂತದಲ್ಲಿ. ಕರಾರು ಪತ್ರ ಎಂದರೆ ಇಂಥ ದಿನದೊಳಗೆ ಇಷ್ಟಕ್ಕೆ ಮಾರುತ್ತೇನೆ ಎಂಬ ಒಪ್ಪಂದ. ಕ್ರಯಪತ್ರ ಎಂದರೆ ಮಾರಿದ್ದೇನೆ ಎಂಬ ಪತ್ರ. ಮೊದಲನೆಯದಕ್ಕೆ ಸಹಿ ಬಿದ್ದ ಮೇಲೆ ಎರಡನೆಯದರಲ್ಲಿ ಚೌಕಾಶಿಗೆ ಜಾಗ ಕಡಿಮೆ.

ಕೊಳ್ಳುವವರ ಕಡೆಯಿಂದ ಬರುವ ಕರಡಿನಲ್ಲಿ ಇಂಥ ಸಾಲುಗಳು ಇರುತ್ತವೆ: "ಮುಂದೆ ಯಾರಿಂದಲಾದರೂ ಯಾವುದೇ ತಕರಾರು ಬಂದಲ್ಲಿ ಮಾರಾಟಗಾರರು ತಮ್ಮ ಸ್ವಂತ ಖರ್ಚಿನಲ್ಲಿ ಬಗೆಹರಿಸಿಕೊಡತಕ್ಕದ್ದು." ಯಾರಿಂದಲಾದರೂ, ಯಾವುದೇ. ಎಷ್ಟು ದೊಡ್ಡ ಬಾಯಿ ನೋಡಿ ಈ ಎರಡು ಮಾತಿಗೆ. ನಾಳೆ ಪಕ್ಕದ ಮನೆಯವರು ಹೊಸ ಮಾಲೀಕರ ಜೊತೆ ಕಾಂಪೌಂಡ್ ಜಗಳ ತೆಗೆದರೂ ನೀವೇ ಹೊಣೆ ಎನ್ನಬಹುದು. ನಿಮ್ಮ ವಕೀಲರು ಇದನ್ನು "ಮಾರಾಟಗಾರರ ಹಕ್ಕಿಗೆ ಸಂಬಂಧಿಸಿ, ನೋಂದಣಿಗೆ ಮುಂಚಿನ ಕಾರಣದಿಂದ ಬಂದ ತಕರಾರು" ಎಂದು ಕಿರಿದು ಮಾಡಬೇಕು. ಅವರು ಇದನ್ನು ತಾವಾಗಿಯೇ ಎತ್ತಿದರೆ ನೀವು ಸರಿಯಾದವರನ್ನು ಆರಿಸಿದ್ದೀರಿ.

ಇನ್ನೂ ಕೆಲವು ಸಾಲುಗಳನ್ನು ಹುಡುಕಿ ನೋಡಿ:

ಕೊನೆಯ ದಿನಾಂಕ. "ಸಾಲ ಮಂಜೂರಾದ ನಂತರ" ಎಂದಿದ್ದರೆ ಅದಕ್ಕೆ ಕೊನೆಯೇ ಇಲ್ಲ. ಒಂದು ತಾರೀಕು ಇರಬೇಕು. ಅದು ಮೀರಿದರೆ ನೋಟಿಸ್ ಕೊಟ್ಟು ಕರಾರು ರದ್ದು ಮಾಡುವ ಹಕ್ಕು ನಿಮಗಿರಬೇಕು.

ಸ್ವಾಧೀನ. ಪೂರ್ತಿ ಹಣ ಬರುವ ಮುಂಚೆ ಕೀ ಕೊಡಬೇಡಿ, ಕೊಟ್ಟಿದ್ದೇವೆ ಎಂದು ಬರೆಯಲೂ ಬೇಡಿ. ಸ್ವಾಧೀನ ಕೊಟ್ಟ ಕರಾರಿಗೆ ಕ್ರಯಪತ್ರದ ದರದಲ್ಲೇ ಮುದ್ರಾಂಕ ಶುಲ್ಕ ಬೀಳುತ್ತದೆ. ಒಳಗೆ ಬಂದು ಕೂತವರನ್ನು ಎಬ್ಬಿಸುವುದು ಇನ್ನೂ ದೊಡ್ಡ ಕಷ್ಟ.

ನಗದು. ಆಸ್ತಿ ಮಾರಾಟಕ್ಕೆ ಮುಂಗಡವೂ ಸೇರಿ 20,000 ರೂಪಾಯಿ ಅಥವಾ ಹೆಚ್ಚು ನಗದಾಗಿ ಪಡೆದರೆ ಅಷ್ಟೇ ಮೊತ್ತದ ದಂಡಕ್ಕೆ ದಾರಿಯಾಗುತ್ತದೆ. ಆ ದಂಡ ಬೀಳುವುದು ಪಡೆದವರಿಗೆ, ಅಂದರೆ ನಿಮಗೆ.

ಬೆಲೆ. ನೋಂದಣಿ ಇಲಾಖೆಯ ಮಾರ್ಗಸೂಚಿ ದರಕ್ಕಿಂತ ಕಡಿಮೆ ಬೆಲೆ ತೋರಿಸೋಣ ಎಂಬ ಮಾತು ಬರಬಹುದು. ಮಾರ್ಗಸೂಚಿ ಬೆಲೆ ನೀವು ಬರೆಸಿದ ಬೆಲೆಗಿಂತ ಶೇ. 10ಕ್ಕೂ ಮಿಕ್ಕಿ ಹೆಚ್ಚಿದ್ದರೆ, ಆದಾಯ ತೆರಿಗೆಗೆ ಮಾರ್ಗಸೂಚಿ ಬೆಲೆಯೇ ನಿಮ್ಮ ಮಾರಾಟದ ಬೆಲೆ. ಕೈಗೆ ಬಾರದ ದುಡ್ಡಿಗೆ ತೆರಿಗೆ ಕಟ್ಟಬೇಕಾಗುತ್ತದೆ. ಇದಕ್ಕೆ ಹೂಂ ಅನ್ನುವ ವಕೀಲರು ನಿಮ್ಮ ಪರ ಇಲ್ಲ.

ಖಾಲಿ ಛಾಪಾ ಕಾಗದಕ್ಕೆ, ಬ್ರೋಕರ್ ಹೆಸರಿನ ಜಿಪಿಎಗೆ ಯಾವ ಕಾರಣಕ್ಕೂ ಸಹಿ ಬೇಡ. ಜಿಪಿಎ ಮೂಲಕ ಮಾರಾಟ ಮಾಡಿದಂತೆ ತೋರಿಸಿದರೆ ಒಡೆತನ ವರ್ಗ ಆಗುವುದಿಲ್ಲ ಎಂದು 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಹಂತ 8: ನೋಂದಣಿ ಮತ್ತು ಆಮೇಲೆ

ಈಗ ಕ್ರಯಪತ್ರದ ಕರಡು ಕಾವೇರಿ ಪೋರ್ಟಲ್‌ನಲ್ಲಿ ಮೊದಲೇ ಹೋಗುತ್ತದೆ. ಸಬ್ ರಿಜಿಸ್ಟ್ರಾರ್ ನೋಡಿದ ಮೇಲೆ ಶುಲ್ಕ ಕಟ್ಟಿ ಸಮಯ ಪಡೆಯುವುದು. ಆದ್ದರಿಂದ ಅಪ್‌ಲೋಡ್ ಆಗುವ ಮುಂಚೆಯೇ ನಿಮ್ಮ ವಕೀಲರು ಕೊನೆಯ ಕರಡು ಓದಿ ಸರಿ ಎನ್ನಬೇಕು. ಮುದ್ರಾಂಕ ಶುಲ್ಕ ಮತ್ತು ನೋಂದಣಿ ಶುಲ್ಕ ಕೊಳ್ಳುವವರು ಕಟ್ಟುವುದು ರೂಢಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿದೆ. "ಹಳೆ ಲೆಕ್ಕದಲ್ಲಿ ಮಾತಾಡಿದ್ವಿ, ಹೆಚ್ಚಿನದು ನೀವು ಕೊಡಿ" ಎಂಬ ವಾದಕ್ಕೆ ಸಿಕ್ಕಿಕೊಳ್ಳಬೇಡಿ, ಕರಾರಿನಲ್ಲೇ ಬರೆಸಿಬಿಡಿ.

ಹೆಬ್ಬೆಟ್ಟು ಕೊಡುವ ಮುಂಚೆ ದುಡ್ಡು ಖಾತೆಗೆ ಬಂದಿರಬೇಕು ಅಥವಾ ಡಿಡಿ ಕೈಯಲ್ಲಿರಬೇಕು. ಡಿಡಿ ಆದರೆ ಅದನ್ನು ಕೊಟ್ಟ ಬ್ಯಾಂಕಿಗೆ ನಿಮ್ಮ ವಕೀಲರು ಅಲ್ಲಿಂದಲೇ ಫೋನ್ ಮಾಡಿ ಖಚಿತ ಮಾಡಿಕೊಳ್ಳಲಿ.

ಮಾರಾಟದ ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ, ನೀವು ಭಾರತದಲ್ಲೇ ನೆಲೆಸಿದವರಾದರೆ, ಕೊಳ್ಳುವವರು ಶೇ. 1 ಟಿಡಿಎಸ್ ಹಿಡಿದು ನಿಮ್ಮ ಪ್ಯಾನ್‌ಗೆ ಕಟ್ಟಬೇಕು. ಅದರ ಪ್ರಮಾಣಪತ್ರ ಕೇಳಿ ಪಡೆಯಿರಿ. ಹಿಡಿದುಕೊಂಡು ಕಟ್ಟದೆ ಬಿಟ್ಟವರೂ ಇದ್ದಾರೆ.

ಸಿಎ ಹತ್ತಿರ ಹೋಗುವುದನ್ನು ಮುಂದಕ್ಕೆ ಹಾಕಬೇಡಿ. ಎರಡು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡಿದ್ದ ಮನೆಯಾದರೆ ದೀರ್ಘಾವಧಿ ಲಾಭಕ್ಕೆ ಶೇ. 12.5 ತೆರಿಗೆ. ಭಾರತದಲ್ಲೇ ನೆಲೆಸಿದವರು 2024ರ ಜುಲೈ 23ಕ್ಕೆ ಮುಂಚೆ ಕೊಂಡಿದ್ದರೆ, ಬೆಲೆಯೇರಿಕೆ ಹೊಂದಿಸಿ ಶೇ. 20ರ ಲೆಕ್ಕ ಕಡಿಮೆ ಬಂದರೆ ಅದನ್ನು ಆರಿಸಿಕೊಳ್ಳಬಹುದು. ತೆರಿಗೆ ಉಳಿಸುವ ಬಾಂಡ್‌ಗೆ ಹಾಕುವುದಾದರೆ ಮಾರಿದ ಆರು ತಿಂಗಳೊಳಗೆ ಹಾಕಬೇಕು.

ವಕೀಲರಿಂದ ಕೊನೆಗೆ ಇವಿಷ್ಟು ಪಡೆದುಕೊಳ್ಳಿ: ನೋಂದಣಿಯಾದ ಕ್ರಯಪತ್ರದ ದೃಢೀಕೃತ ನಕಲು, ನೀವು ಕೊಳ್ಳುವವರಿಗೆ ಒಪ್ಪಿಸಿದ ಮೂಲಪತ್ರಗಳ ಪಟ್ಟಿಗೆ ಅವರ ಸಹಿ, ಫೀ ರಶೀದಿ. ಕೀ ಕೊಡುವ ದಿನ ಕರೆಂಟ್ ಮೀಟರ್ ಮತ್ತು ನೀರಿನ ಮೀಟರ್ ರೀಡಿಂಗ್‌ನ ಫೋಟೊ ತೆಗೆದಿಟ್ಟುಕೊಳ್ಳಿ. ಮೀಟರ್ ನಿಮ್ಮ ಹೆಸರಿನಲ್ಲೇ ಉಳಿದರೆ ಬಾಕಿ ಬಿಲ್ ಕೇಳಿಕೊಂಡು ನಿಮಗೇ ಫೋನ್ ಬರುತ್ತದೆ. ಅದಕ್ಕೆ ಹೆಸರು ಬದಲಾವಣೆಯ ಅರ್ಜಿಗೆ ಅವತ್ತೇ ಇಬ್ಬರೂ ಸಹಿ ಹಾಕಿ ಮುಗಿಸಿ.